ಸನ್ರಿಕು ಕರಾವಳಿಗೆ ಹೊರಟ ಮಗಳಿಗೆ

ಪುಟ್ಟೀ,

ಭಾನುವಾರ ಫೋನಿನಲ್ಲಿ ಆದದ್ದನ್ನು ಮತ್ತೆ ಬರೆಯುವುದಿಲ್ಲ. ಜಪಾನಿಗೆ ಹೋಗಿ ಕ್ಯೋಟೊ ಬಿಟ್ಟು ಉತ್ತರದ ಸನ್ರಿಕು ಕರಾವಳಿಗೆ ಹೋಗುತ್ತೇನೆ ಎಂದೆ ನೀನು. ಮಾತಿನ ಮಧ್ಯೆ ಫೋನ್ ಇಟ್ಟವಳು ನಾನು. ಆ ಬೇಜಾರು ಇನ್ನೂ ಹೋಗಿಲ್ಲ. ವಾಟ್ಸಾಪಿನಲ್ಲಿ ಹಾಕಿದರೆ ಕೆಲಸದ ಮಧ್ಯೆ ಓದಿ ಸುಮ್ಮನಾಗುತ್ತೀಯ, ಅದಕ್ಕೇ ಈ ಕಾಗದ.

ನಿನ್ನ ಲೆಕ್ಕವೇ ಸರಿ. ನೀನು ಹೊರಡುವ ಏಪ್ರಿಲ್ ಮಧ್ಯದ ಹೊತ್ತಿಗೆ ಕ್ಯೋಟೊದಲ್ಲಿ ಚೆರ್ರಿ ಹೂವು ಹೆಚ್ಚುಕಮ್ಮಿ ಉದುರಿರುತ್ತದೆ. ಉತ್ತರದ ತೊಹೊಕು ಕಡೆ, ಹಿರೊಸಾಕಿ ಕೋಟೆಯಲ್ಲಿ, ಆಗಷ್ಟೇ ಅರಳುವ ಕಾಲ. ಕ್ಯೋಟೊದ ಜನಜಂಗುಳಿಯ ಮಾತೂ ನಿಜ. ಪ್ರವಾಸಿಗರ ಕಾಟ ತಾಳಲಾರದೆ ಅಲ್ಲಿಯ ಗಿಯೊನ್ ಬಡಾವಣೆಯ ಖಾಸಗಿ ಓಣಿಗಳಿಗೆ 2024ರಿಂದ ಹೊರಗಿನವರನ್ನು ಬಿಡುತ್ತಿಲ್ಲ. ನಾನು ಕ್ಯೋಟೊ, ನಾರಾ ಎಂದು ಹಟ ಹಿಡಿದದ್ದು ದೇವಸ್ಥಾನದ ಆಸೆಗಲ್ಲ. ಆ ಊರುಗಳಲ್ಲಿ ಸಮುದ್ರ ಇಲ್ಲ, ಅದಕ್ಕೆ.

ಮಲ್ಪೆಯ ಆ ದಿನ ನಿನಗೆ ನೆನಪಿರುವುದು ಬಾಂಬೆ ಮಿಠಾಯಿ ಮಾತ್ರ. ನಿನಗೆ ಐದು ವರ್ಷ. ಹಳದಿ ಫ್ರಾಕು. ನನ್ನ ಎಡಗೈಯಲ್ಲಿ ನಿನ್ನ ಕೈ, ಬಲಗೈಯಲ್ಲಿ ನಮ್ಮಿಬ್ಬರ ಚಪ್ಪಲಿ. ನೀರು ಮೊಣಕಾಲಿನವರೆಗೂ ಇರಲಿಲ್ಲ. ದೊಡ್ಡ ಅಲೆಯೂ ಅಲ್ಲ. ಬಂದ ನೀರು ವಾಪಸ್ ಹೋಗುವಾಗ ಕಾಲಡಿಯ ಮರಳು ಜಾರಿತು, ನೀನು ಬಿದ್ದೆ. ನಿನ್ನ ಕೈ ಒದ್ದೆ, ಸೋಪಿನ ಹಾಗೆ ಜಾರಿತು. ಪಕ್ಕದಲ್ಲಿ ಬಲೆ ಎಳೆಯುತ್ತಿದ್ದ ಒಬ್ಬರು ಫ್ರಾಕು ಹಿಡಿದು ಎತ್ತಿದರು. ನೀನು ಅಳಲೂ ಇಲ್ಲ.

ಇದುವರೆಗೆ ಯಾರಿಗೂ ಹೇಳದ್ದು ಒಂದಿದೆ, ನಿನ್ನ ಅಪ್ಪನಿಗೂ ಹೇಳಿಲ್ಲ. ಆ ಬಲೆಯವರು ನಿನ್ನನ್ನು ನನ್ನ ಕೈಗೆ ಕೊಡಲು ಬಂದಾಗ ನನ್ನ ಬಲಗೈಯಲ್ಲಿ ಚಪ್ಪಲಿ ಹಾಗೇ ಇತ್ತು. ನಾಲ್ಕೂ ಇದ್ದವು. ಚಪ್ಪಲಿ ಬಿಸಾಡಿ ಎರಡೂ ಕೈ ಚಾಚಬಹುದಿತ್ತು. ಚಾಚಲಿಲ್ಲ. ಯಾಕೆ ಅಂತ ಇಪ್ಪತ್ತೈದು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಹೊಸ ಚಪ್ಪಲಿಯೂ ಅಲ್ಲ ಅವು. ಆಮೇಲೆ ನಿನ್ನ ಶಾಲೆಯವರು ಪ್ರವಾಸಕ್ಕೆ ಗೋಕರ್ಣ ಎಂದಾಗ ಜ್ವರ ಅಂತ ಸುಳ್ಳು ಚೀಟಿ ಬರೆದು ಕಳಿಸಿದೆ. ಅದಕ್ಕೆ ನೀನು ಎಷ್ಟು ಅತ್ತಿದ್ದೆ. ತಪ್ಪಾಯಿತು ಮಗಾ.

2011ರ ಮಾರ್ಚ್ 11ರಂದು ಟಿವಿಯಲ್ಲಿ ಆ ಕಪ್ಪು ನೀರು ಗದ್ದೆಗಳ ಮೇಲೆ ಹರಿಯುವುದನ್ನು ನೋಡುವಾಗಲೂ ನನ್ನ ಬಲಗೈ ಮುಷ್ಟಿ ಕಟ್ಟಿತ್ತು. ಈಗ ನೀನು ಆ ಸುನಾಮಿ ಬಡಿದ ಸನ್ರಿಕು ಕರಾವಳಿಗೇ ಹೋಗುತ್ತೇನೆ ಅನ್ನುತ್ತೀಯ. ಹೇಗೆ ಸುಮ್ಮನಿರಲಿ ಹೇಳು?

ಹೋಗು. ಆದರೆ ಹತ್ತು ದಿನದಲ್ಲಿ ನಾಲ್ಕು ದಿಕ್ಕಿಗೂ ಓಡಬೇಡ. ಹಿರೋಷಿಮಾ ಈ ಸಲ ಬಿಡು, ಅದು ಪೂರ್ತಿ ಆ ಕಡೆ. ಟೋಕಿಯೊ ಎರಡು ಮೂರು ದಿನ ಸಾಕು, ಉಳಿದದ್ದೆಲ್ಲ ತೊಹೊಕುಗೆ ಇಟ್ಟುಕೋ. ಸೆಂಡೈಗೆ ಬುಲೆಟ್ ರೈಲಿನಲ್ಲಿ ಒಂದೂವರೆ ಗಂಟೆ, ಅಲ್ಲಿಂದ ಮತ್ಸುಶಿಮಾ ದ್ವೀಪಗಳು ಹತ್ತಿರ. ಇಡೀ ದೇಶದ ರೈಲ್ವೆ ಪಾಸ್ ತಗೊಳ್ಳಬೇಡ. ಏಳು ದಿನದ್ದು 2023ರಲ್ಲೇ 50,000 ಯೆನ್‌ಗೆ ಏರಿತು. ಉತ್ತರದ ಕಡೆಗೇ ಬೇರೆ ಪಾಸ್ ಇದೆ, ಅದನ್ನು ನೋಡು. ಸಾರು, ನೂಡಲ್ಸ್‌ಗಳಲ್ಲಿ ಹೆಚ್ಚಾಗಿ ದಾಶಿ ಅಂತ ಒಣಮೀನಿನ ರಸ ಇರುತ್ತದೆ. ಕಣ್ಣಿಗೆ ಮೀನು ಕಾಣಲಿಲ್ಲ ಅಂತ ತಿನ್ನಬೇಡ, ಕೇಳು. ರಾತ್ರಿ ಒಬ್ಬಳೇ... ನೋಡು, ಮತ್ತೆ ಶುರುವಾಯಿತು ನನ್ನದು. ನಿನ್ನ ವಯಸ್ಸಿನಲ್ಲಿ ನಾನು ಒಬ್ಬಳೇ ಮಂಗಳೂರಿಗೂ ಹೋದವಳಲ್ಲ. ನೀನು ರಾತ್ರಿ ಕೂತು ಆ ದೇಶದ ಅಕ್ಷರ ಕಲಿತು ಹೊರಟಿದ್ದೀಯ. ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ಈ ವಾರವೆಲ್ಲ ಅಲ್ಲಿಯ ವಿಷಯವನ್ನೇ ಓದಿದೆ. ಆ ಕರಾವಳಿಗೆ 1896ರಲ್ಲಿ, 1933ರಲ್ಲಿ, ಮತ್ತೆ 2011ರಲ್ಲಿ ಸುನಾಮಿ ಬಂದಿದೆ. ಅಲ್ಲಿಯವರಲ್ಲಿ ಒಂದು ಮಾತಿದೆಯಂತೆ, ‘ತೆಂದೆಂಕೊ’. ನೀರು ಬರುತ್ತದೆ ಎಂದರೆ ಅಮ್ಮ ಎಲ್ಲಿ, ಮಗು ಎಲ್ಲಿ ಎಂದು ಹುಡುಕುತ್ತಾ ನಿಲ್ಲಬಾರದು. ಯಾರ್ಯಾರು ಎಲ್ಲೆಲ್ಲಿದ್ದಾರೋ ಅಲ್ಲಿಂದಲೇ ಎತ್ತರಕ್ಕೆ ಓಡಬೇಕು. ಮೊದಲ ಸಲ ಓದಿದಾಗ ಸಿಟ್ಟು ಬಂತು. ಎಂಥ ತಾಯಿ ಹಾಗೆ ಓಡುತ್ತಾಳೆ? ಆಮೇಲೆ ಕಮೈಶಿ ಊರಿನದ್ದು ಓದಿದೆ. ಅಲ್ಲಿ ಅಕ್ಕಪಕ್ಕದ ಎರಡು ಶಾಲೆಗಳ ಸುಮಾರು 570 ಮಕ್ಕಳು, ದೊಡ್ಡವರು ಚಿಕ್ಕವರ ಕೈ ಹಿಡಿದುಕೊಂಡು, ಗುಡ್ಡದ ಕಡೆ ಓಡಿದರು. ಮೊದಲು ನಿಂತ ಜಾಗ ಸಾಲದು ಎಂದು ಇನ್ನೂ ಮೇಲಕ್ಕೆ ಓಡಿದರು. ಬದುಕಿದರು. ಆ ಹೊತ್ತಿನಲ್ಲಿ ಅವರ ಅಮ್ಮಂದಿರು ಎಲ್ಲೆಲ್ಲೋ ಇದ್ದರು. ಮಗು ಓಡಿರುತ್ತದೆ ಎಂದು ಅಮ್ಮ ನಂಬಬೇಕು, ಅಮ್ಮ ಓಡಿರುತ್ತಾಳೆ ಎಂದು ಮಗು ನಂಬಬೇಕು. ಇಲ್ಲದಿದ್ದರೆ ಇಬ್ಬರೂ ಹುಡುಕಿಕೊಂಡು ವಾಪಸ್ ಬರುತ್ತಾರೆ, ಅಲ್ವಾ?

ರೂಮಿಗೆ ಹೋದ ಕೂಡಲೇ ಎತ್ತರದ ಜಾಗಕ್ಕೆ ದಾರಿ ಯಾವುದು ಎಂದು ಕೇಳಿಕೋ. ಭೂಮಿ ಅಲುಗಿದರೆ ನನಗೆ ಫೋನ್ ಮಾಡಲು ನಿಲ್ಲಬೇಡ. ಹತ್ತು. ಕೈಯಲ್ಲಿ ಬ್ಯಾಗು, ಕ್ಯಾಮೆರಾ ಏನಿದ್ದರೂ ಬಿಸಾಡು. ಹತ್ತಿರುತ್ತೀಯ ಎಂದುಕೊಂಡು ನಾನಿಲ್ಲಿ ಇರುತ್ತೇನೆ.

ಚಟ್ನಿಪುಡಿ, ಅವಲಕ್ಕಿ ಶನಿವಾರ ರಾತ್ರಿಯ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ.

ಅಮ್ಮ