ಅರ್ಧ ‘ಹಲೋ’ಗೆ ಲೈನ್ ಕಾರಣವಲ್ಲ

ಮಾನ್ಯ ಸಂಪಾದಕರೇ,

ಮೈಸೂರು–ಮಂಡ್ಯ ಶಾಖೆಗಳ ನಡುವೆ ಇಂಟರ್‌ನೆಟ್ ಫೋನ್ ಹಾಕಿಸಿಕೊಂಡ ಕಚೇರಿಗಳಲ್ಲಿ ಆಗಾಗ ಕೇಳಿಬರುವ ದೂರು: ಫೋನ್ ಎತ್ತಿದವರ ‘ಹಲೋ’ ಪೂರ್ತಿ ಬರುವುದಿಲ್ಲ, ‘...ಲೋ, ಯಾರು?’ ಎಂದಷ್ಟೇ ಕೇಳುತ್ತದೆ. ಲೈನ್ ಸಾಲದೆಂದು 50 ಎಂಬಿಪಿಎಸ್ ಇದ್ದುದನ್ನು 100 ಮಾಡಿಸುತ್ತಾರೆ. ದುಡ್ಡು ದಂಡ, ಹಲೋ ಮತ್ತೂ ಅರ್ಧ.

ಕರೆ ಕೂಡುವಾಗ, ಕರೆ ಜೋಡಿಸುವ ಕಂಪ್ಯೂಟರ್ ಆದ ಕಾಲ್ ಸರ್ವರ್ ‘ಈ ಪೋರ್ಟಿಗೆ (ಧ್ವನಿ ಬರುವ ಬಾಗಿಲ ಸಂಖ್ಯೆಗೆ) ಕಿಂಡಿ ತೆರೆ’ ಎಂದು ಜಾಲದ ಕಾವಲುಗಾರನಾದ ಫೈರ್‌ವಾಲ್‌ಗೆ ಆದೇಶ ಕಳಿಸುತ್ತದೆ. ಧ್ವನಿಯ ಪ್ಯಾಕೆಟ್ (ಮಾಹಿತಿಯ ತುಣುಕು) ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದು. ಕಿಂಡಿ ತೆರೆಯುವುದು 200 ಮಿಲಿಸೆಕೆಂಡ್ ತಡವಾದರೆ 10 ಪ್ಯಾಕೆಟ್ ಹೊರಗೇ ಉಳಿದವು. ‘ಹ’ ಹೋಗಲು ಅಷ್ಟು ಸಾಕು. ಇದರಲ್ಲಿ ದೂರದ ಪಾಲು ಏನೂ ಇಲ್ಲ. ಫೈಬರಿನಲ್ಲಿ ಬೆಳಕಿಗೆ ಕಿಲೋಮೀಟರಿಗೆ ಸುಮಾರು 5 ಮೈಕ್ರೋಸೆಕೆಂಡ್. ಲೈನ್ ಬೆಂಗಳೂರು ಸುತ್ತಿ ಮಂಡ್ಯಕ್ಕೆ ಬಂದರೂ ಹೋಗಿಬರಲು ಬೆಳಕಿಗೆ ಬೇಕಾಗುವುದು ಎರಡೂವರೆ–ಮೂರು ಮಿಲಿಸೆಕೆಂಡ್. ಉಳಿದ ಕಾಲವೆಲ್ಲ ಕಳೆಯುವುದು ಆದೇಶ ಸಾಗಿಸುವ ಪ್ರೋಟೋಕಾಲಿನ (ರವಾನೆಯ ನಿಯಮಾವಳಿಯ) ಟೈಮರ್‌ಗಳಲ್ಲಿ.

ಬಹುತೇಕ ಕಡೆ ಇರುವುದು ಟಿಸಿಪಿ ಎಂಬ ಪ್ರೋಟೋಕಾಲ್; ಕಳೆದುದನ್ನು ಮತ್ತೆ ಕಳಿಸಿ, ಎಲ್ಲವನ್ನೂ ಒಂದೇ ಸಾಲಿನಲ್ಲಿ ಕ್ರಮವಾಗಿ ತಲುಪಿಸುವುದು ಇದರ ರೀತಿ. ಕರೆಗೊಂದು ಹೊಸ ಸಂಪರ್ಕ ತೆರೆಯುವಂತೆ ಸಾಫ್ಟ್‌ವೇರ್ ಬರೆದಿದ್ದರೆ ಮೊದಲು ಅದನ್ನು ತಿದ್ದಿಸಿ. ಸಂಪರ್ಕ ಕೋರುವ ಮೊದಲ ಪ್ಯಾಕೆಟ್ ಕಳೆದರೆ ಮರುಪ್ರಯತ್ನಕ್ಕೆ 1 ಸೆಕೆಂಡ್ ಕಾಯಬೇಕು. ಒಂದೇ ಸಂಪರ್ಕವನ್ನು ಸದಾ ತೆರೆದಿಟ್ಟು, ಸಣ್ಣ ಪ್ಯಾಕೆಟ್‌ಗಳನ್ನು ತಡೆದಿಡುವ ನೇಗಲ್ ವಿಧಾನವನ್ನು ‘ನೋ-ಡಿಲೇ’ (TCP_NODELAY) ಆಯ್ಕೆಯಿಂದ ನಿಲ್ಲಿಸಬೇಕು. ಇಷ್ಟಾದ ಮೇಲೂ ಒಂದು ತೊಡಕು ಉಳಿಯುತ್ತದೆ, ಅದೇ ದೊಡ್ಡದು. ಕಳೆದುಹೋದ ಪ್ಯಾಕೆಟ್ಟನ್ನು ಟಿಸಿಪಿ ಬೇಗ ಮರುಕಳಿಸಬೇಕಾದರೆ ಅದರ ಹಿಂದೆಯೇ ಇನ್ನಷ್ಟು ಪ್ಯಾಕೆಟ್ ಹೋಗಿ, ಆಚೆಯಿಂದ ಮೂರು ನಕಲು ಸ್ವೀಕೃತಿ (‘ತಲುಪಿತು’ ಎಂಬ ಅದೇ ಉತ್ತರ ಮತ್ತೆ ಮತ್ತೆ) ಬರಬೇಕು. ಫೈರ್‌ವಾಲ್ ಆದೇಶಗಳು ಅಷ್ಟು ದಟ್ಟವಾಗಿ ಹೋಗುವುದೇ ಇಲ್ಲ. ಹಾಗಾಗಿ ಟೈಮರ್ ಮುಗಿಯುವವರೆಗೆ ಸುಮ್ಮನೆ ಕಾಯುತ್ತದೆ: ಸರ್ವರ್‌ಗಳನ್ನು ನಡೆಸುವ ಲಿನಕ್ಸ್‌ನಲ್ಲಿ ಕನಿಷ್ಠ 200 ಮಿಲಿಸೆಕೆಂಡ್, ಮತ್ತೆ ಕಳೆದರೆ 400, ಆಮೇಲೆ 800. ಅಷ್ಟೂ ಹೊತ್ತು ಅದರ ಹಿಂದೆ ಸಾಲಿನಲ್ಲಿರುವ ಬೇರೆ ಕರೆಗಳ ಆದೇಶಗಳೂ ನಿಂತಿರುತ್ತವೆ. ಗಣಂಗೂರು ಟೋಲ್‌ನಲ್ಲಿ ಒಂದು ಲಾರಿಯ ಫಾಸ್ಟ್ಯಾಗ್ ಓದದಿದ್ದರೆ ಆ ಲೇನಿನವರೆಲ್ಲ ಹಾರ್ನ್ ಹೊಡೆಯುತ್ತ ನಿಲ್ಲುವ ಹಾಗೆ.

ಲೇನ್‌ಗಳನ್ನು ಬೇರೆ ಮಾಡುವುದೇ ಎಸ್‌ಸಿಟಿಪಿ ಎಂಬ ಇನ್ನೊಂದು ಪ್ರೋಟೋಕಾಲ್. 2000ರಲ್ಲಿ ದೂರವಾಣಿ ಸಂಕೇತಗಳಿಗೆಂದೇ ಮಾನಕವಾದದ್ದು. ಒಂದೇ ಸಂಪರ್ಕದೊಳಗೆ ಹಲವು ಧಾರೆಗಳಿರುತ್ತವೆ. ಒಂದರಲ್ಲಿ ಪ್ಯಾಕೆಟ್ ಕಳೆದರೆ ಉಳಿದವು ನಿಲ್ಲುವುದಿಲ್ಲ. ನಮ್ಮ ಮತ ಇದಕ್ಕೇ. ಆದರೆ ಪೆಟ್ಟಿಗೆಯಿಂದ ತೆಗೆದು ಹಾಗೇ ಬಳಸಿದರೆ ಕೆಟ್ಟಿರಿ: ಲಿನಕ್ಸ್‌ನಲ್ಲಿ ಇದರ ಕನಿಷ್ಠ ಮರುಕಳಿಕೆ ಟೈಮರ್ 1 ಸೆಕೆಂಡ್, ಆರಂಭದ್ದು 3 ಸೆಕೆಂಡ್. ಅಂದರೆ ಪ್ಯಾಕೆಟ್ ಕಳೆದ ಕರೆಯ ಮಟ್ಟಿಗೆ ಟಿಸಿಪಿಗಿಂತ ಕಡೆ. ಕನಿಷ್ಠವನ್ನು 100 ಮಿಲಿಸೆಕೆಂಡಿಗೆ ಇಳಿಸಿ. ಅದಕ್ಕೂ ಮುಂಚೆ ಆಚೆ ತುದಿಯಲ್ಲಿ ಸ್ವೀಕೃತಿ ತಡೆದಿಡುವ 200 ಮಿಲಿಸೆಕೆಂಡನ್ನು 20ಕ್ಕೆ ತನ್ನಿ. ಇಲ್ಲದಿದ್ದರೆ ತಲುಪಿದ ಆದೇಶವನ್ನೇ ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಮನೆ ರೌಟರ್‌ಗಳಲ್ಲಿ ಎಸ್‌ಸಿಟಿಪಿ ಬಹುಪಾಲು ದಾಟುವುದಿಲ್ಲವೆಂಬ ಮಾತು ನಿಜ, ಆದರೆ ಸರ್ವರ್ ಮತ್ತು ಫೈರ್‌ವಾಲ್ ನಡುವೆ ಇರುವುದು ನಮ್ಮದೇ ಸ್ವಿಚ್.

ಯುಡಿಪಿ ಎಂಬ ಸರಳ ಪ್ರೋಟೋಕಾಲಿಗೆ ಸಂಪರ್ಕ ತೆರೆಯುವ ಗೊಡವೆಯಿಲ್ಲ, ತಲೆಬರಹ 8 ಬೈಟ್ ಮಾತ್ರ. ಆದರೆ ಮರುಕಳಿಸುವುದು, ಒಂದೇ ಆದೇಶ ಎರಡು ಸಲ ಬಂದರೆ ಗುರುತಿಸುವುದು ಎಲ್ಲವನ್ನೂ ನಾವೇ ಬರೆಯಬೇಕು. ಬರೆದು ಮುಗಿಯುವ ಹೊತ್ತಿಗೆ ಅರ್ಧ ಟಿಸಿಪಿ ಆಗಿರುತ್ತದೆ. 2021ರಲ್ಲಿ ಮಾನಕವಾದ ಕ್ವಿಕ್ (QUIC) ಪ್ರೋಟೋಕಾಲಿನಲ್ಲೂ ಧಾರೆಗಳಿವೆ. ಸಂಪರ್ಕ ಪೂರ್ತಿ ಕೂಡುವ ಮುಂಚೆಯೇ ಆದೇಶ ಕಳಿಸುವ ಅದರ ‘ಜೀರೋ ಆರ್‌ಟಿಟಿ’ ಸೌಲಭ್ಯವನ್ನು ಮಾತ್ರ ಇಲ್ಲಿ ಬಳಸಬಾರದು: ಹಳೆಯ ‘ತೆರೆ’ ಪ್ಯಾಕೆಟ್ಟನ್ನು ಯಾರಾದರೂ ಹಿಡಿದಿಟ್ಟು ಮತ್ತೆ ಕಳಿಸಿದರೆ, ಕರೆ ಮುಗಿದ ಮೇಲೂ ಕಿಂಡಿ ತೆರೆದುಕೊಂಡೀತು.

ಲೈನ್ ಹೆಚ್ಚಿಸುವ ಮುಂಚೆ ಸರ್ವರ್‌ನಲ್ಲಿ ಪ್ಯಾಕೆಟ್‌ಗಳನ್ನು ದಾಖಲಿಸುವ ಟಿಸಿಪಿಡಂಪ್ ಎಂಬ ಸಾಧನ ಹಾಕಿ ಅರ್ಧ ದಿನ ಬಿಡಿ. ಒಂದೇ ಕ್ರಮಸಂಖ್ಯೆಯ ಎರಡು ಪ್ರತಿಗಳ ನಡುವೆ 200 ಮಿಲಿಸೆಕೆಂಡಿನ ಆಸುಪಾಸಿನ ಅಂತರ ಕಂಡರೆ ಅದು ಮರುಕಳಿಕೆ ಟೈಮರ್. ಏನೂ ಕಳೆಯದೆ 40 ಮಿಲಿಸೆಕೆಂಡಿನ ವಿರಾಮ ಕಂಡರೆ ನೇಗಲ್ ಇನ್ನೂ ನಿಂತಿಲ್ಲ. ಎರಡೂ ಇಲ್ಲವೆಂದಾದರೆ ಆಗ ಲೈನಿನವರನ್ನು ಕರೆಸಬಹುದು.

– ನೆಟ್‌ವರ್ಕ್ ನಿರ್ವಹಣೆಯ ಕೆಲಸಗಾರರು, ಹೆಬ್ಬಾಳ, ಮೈಸೂರು