ಶಾಸಕರೇ, ಆ ಬೆತ್ತದ ಕುರ್ಚಿ ಇನ್ನೂ ಗೇಟಿನಲ್ಲೇ ಇದೆ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಪಿಕಪ್ ಓಡಿಸುವವನು. ಜನ ನಮಗಿನ್ನು ಬೇಡ ಅಂತ ಕೊಡುವ ಮಂಚ, ಬೀರು, ಮೇಜು, ಕುರ್ಚಿಗಳನ್ನು ಇಲ್ಲದವರ ಮನೆಗೆ ಮುಟ್ಟಿಸುವುದು ನಮ್ಮ ಕೆಲಸ. ನಾವು ಅಂದರೆ ಜಾಸ್ತಿ ಜನ ಏನಿಲ್ಲ. ನಾನು, ಹೊರುವ ಹುಡುಗರು ಇಬ್ಬರು, ಮತ್ತೆ ಫೋನು ಲೆಕ್ಕ ಎಲ್ಲ ನೋಡಿಕೊಳ್ಳುವ ನಮ್ಮ ಅಕ್ಕ. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು ಅವರು. ಈ ಪತ್ರಕ್ಕೆ ಮೊದಲು ಎರಡು ಅರ್ಜಿ ಕೊಟ್ಟಾಗಿದೆ. ಒಂದಕ್ಕೆ ಸೀಲ್ ಹಾಕಿದ ನಕಲು ಸಿಕ್ಕಿತು. ಇನ್ನೊಂದಕ್ಕೆ ಅದೂ ಇಲ್ಲ. ಯಾವ ಕಚೇರಿ, ಅರಣ್ಯ ಇಲಾಖೆಯ ಯಾವ ತಪಾಸಣಾ ಗೇಟು ಅಂತ ಇಲ್ಲಿ ಬರೆಯುವುದಿಲ್ಲ. ನಾಳೆ ನಾನು ಅದೇ ರಸ್ತೆಯಲ್ಲಿ ಗಾಡಿ ಓಡಿಸಬೇಕಲ್ಲ.

ಕೇಳುತ್ತಿರುವುದು ಇಷ್ಟೇ. ಗಾಡಿಯಲ್ಲಿ ಇಟ್ಟುಕೊಳ್ಳಲು ಒಂದು ಪತ್ರ, ಹುಡುಗರ ಕೊರಳಿಗೆ ಒಂದು ಗುರುತಿನ ಚೀಟಿ. ಇವರು ಮರ ಕದಿಯುವವರಲ್ಲ, ದಾನದ ಸಾಮಾನು ಸಾಗಿಸುವವರು ಅಂತ ಬರೆದು, ಕೆಳಗೆ ಯಾರಾದರೂ ಒಬ್ಬ ಅಧಿಕಾರಿಯ ಸಹಿ. ಅದಕ್ಕಿಂತ ಒಂದು ಸಾಲು ಜಾಸ್ತಿ ಬೇಡ.

ನಿಯಮ ನಿಮಗೆ ಗೊತ್ತು. ನನಗಿಂತ ಚೆನ್ನಾಗಿ ಗೊತ್ತು. 1963ರ ಅರಣ್ಯ ಕಾಯ್ದೆ ಪ್ರಕಾರ ಮರಮಟ್ಟು ಅಂದರೆ ಬಿದ್ದ ಮರ, ಕಡಿದ ಮರ ಮಾತ್ರ ಅಲ್ಲವಂತೆ. ಕೊಯ್ದದ್ದು, ಕೆತ್ತಿದ್ದು, ಕೊರೆದದ್ದು ಎಲ್ಲವೂ ಅದರಲ್ಲೇ ಬರುತ್ತದಂತೆ. ಹಾಗೆ ನೋಡಿದರೆ ನಿಮ್ಮ ಮನೆಯ ಲಟ್ಟಣಿಗೆ, ಕಡೆಗೋಲು ಕೂಡ ಮರಮಟ್ಟೇ. ಅವುಗಳಿಗೆ ಪರ್ಮಿಟ್ ಇದೆಯಾ ಅಂತ ಯಾರೂ ಬಂದು ಕೇಳುವುದಿಲ್ಲ. ನಮ್ಮನ್ನು ಮಾತ್ರ ಕೇಳುತ್ತಾರೆ, ಯಾಕೆಂದರೆ ನಮ್ಮ ಗಾಡಿಯ ಮೇಲೆ ಟಾರ್ಪಾಲ್ ಇರುತ್ತದೆ, ಟಾರ್ಪಾಲ್ ಅಡಿಯಿಂದ ನಾಲ್ಕು ಕಾಲು ಹೊರಗೆ ಚಾಚಿರುತ್ತವೆ, ಮತ್ತೆ ನಮ್ಮ ಹುಡುಗರ ಅಂಗಿ ಹರಿದಿರುತ್ತದೆ.

ಇದು ಹೇಗೆ ಶುರುವಾಯಿತು ಅಂತ ಸ್ವಲ್ಪ ಹೇಳುತ್ತೇನೆ. 2018ರ ಆಗಸ್ಟಿನಲ್ಲಿ ನಮ್ಮ ಕೊಡಗಿನಲ್ಲಿ ಬೆಟ್ಟ ಕುಸಿದಾಗ ನಾನು ಮಕ್ಕಂದೂರು, ಹಟ್ಟಿಹೊಳೆ ಕಡೆಗೆ ಗಾಡಿ ಓಡಿಸಿದವನು. ಆಗ ಅಕ್ಕಿ, ಕಂಬಳಿ, ಬಿಸ್ಕೆಟ್ ರಾಶಿ ರಾಶಿ ಬಂದವು. ಮಂಚ ಯಾರೂ ಕಳಿಸಲಿಲ್ಲ. ಅದು ತಪ್ಪಲ್ಲ, ಪರಿಹಾರ ಕೇಂದ್ರದಲ್ಲಿ ಮಂಚ ಎಲ್ಲಿ ಹಾಕುವುದು? 2020ರಲ್ಲಿ ಮನೆ ಕಳಕೊಂಡವರಿಗೆ ಜಂಬೂರಿನಲ್ಲಿ ಹೊಸ ಮನೆಯ ಕೀಲಿಕೈ ಕೊಟ್ಟ ಮೇಲೆ ಗೊತ್ತಾಯಿತು. ಗೋಡೆ ಇದೆ, ಕಿಟಕಿ ಇದೆ, ಒಳಗೆ ಕೂರಲು ಒಂದು ಮಣೆ ಇಲ್ಲ. ಮನೆಯ ಜೊತೆ ಸಾಮಾನೂ ಮಣ್ಣಿನಡಿ ಹೋಗಿತ್ತಲ್ಲ. ನಡುವೆ 2019ರಲ್ಲಿ ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಕಾವೇರಿ ಮನೆಯೊಳಗೆ ಬಂದು ಹೋದಾಗಲೂ ಇದೇ ಕಥೆ. ನೀರು ಇಳಿದ ಮೇಲೆ ಮಂಚ ಇತ್ತು, ಕಾಲು ಕೊಳೆತಿತ್ತು. ದಿದ್ದಳ್ಳಿಯಿಂದ ಎಬ್ಬಿಸಿದ ಮೇಲೆ ಬ್ಯಾಡಗೊಟ್ಟಕ್ಕೆ, ಬಸವನಹಳ್ಳಿಗೆ ಬಂದ ಆದಿವಾಸಿಗಳ ಮನೆಗಳಿಗೂ ಎಷ್ಟೋ ಸಲ ಹೋಗಿದ್ದೇವೆ.

ಸಾಮಾನಿಗೇನೂ ಬರ ಇಲ್ಲ. ನಮ್ಮಲ್ಲಿ ಹೋಂಸ್ಟೇಗಳು ಎಷ್ಟಿವೆ ಅಂತ ನಿಮಗೆ ಗೊತ್ತಲ್ಲ. ಒಬ್ಬರು ರೂಮಿಗೆ ಹೊಸ ಬಣ್ಣ ಹೊಡೆಸಿದರೆ ನಾಲ್ಕು ಮಂಚ ಹೊರಗೆ ಬರುತ್ತವೆ. ತೋಟದ ಮನೆಯ ಮಕ್ಕಳು ಬೆಂಗಳೂರಿನಲ್ಲಿ ನೆಲೆ ನಿಂತರೆ ಒಂದು ಬೀರು, ಒಂದು ಊಟದ ಮೇಜು. ಕೊಡುವವರೆಲ್ಲ ಸಂತೋಷದಿಂದಲೇ ಕೊಡುತ್ತಾರೆ. ಹೊರುವವರು ಬೇಕು, ಅಷ್ಟೇ.

ಆ ಹೊರುವುದು ಹೇಗಿರುತ್ತದೆ ಅಂತ ಒಂದು ಸಲ ಬಂದು ನೋಡಿ. ತೋಟದ ಕೂಲಿಯವರ ಲೈನ್ ಮನೆಗಳ ತನಕ ಗಾಡಿ ಹೋಗುವುದಿಲ್ಲ. ತೋಟದ ರಸ್ತೆಯಲ್ಲಿ ನಿಲ್ಲಿಸಿ, ಕಬ್ಬಿಣದ ಬೀರುವನ್ನು ಅಡ್ಡ ಮಲಗಿಸಿ, ಇಬ್ಬರೂ ಹೆಗಲಿಗೆ ಗೋಣಿ ಇಟ್ಟುಕೊಂಡು, ಕಾಫಿ ಗಿಡಗಳ ನಡುವೆ ಒಬ್ಬರು ನಡೆಯುವ ದಾರಿಯಲ್ಲಿ ಇಳಿಯಬೇಕು. ಮಳೆಗಾಲದಲ್ಲಿ ಕೆಸರು ಕಾಲು ಎಳೆಯುತ್ತದೆ. ಜಿಗಣೆ ಹತ್ತಿದರೂ ಕೈ ಬಿಡುವ ಹಾಗಿಲ್ಲ, ಬಿಟ್ಟರೆ ಬೀರು ಮುಂದಿನವನ ಬೆನ್ನಿನ ಮೇಲೆ. ಕೆಳಗೆ ತಲುಪಿ ಬೀರು ಇಳಿಸಿದ ಮೇಲೆ ಕಾಲು ನೋಡಿಕೊಂಡರೆ ಕಾಲುಬೆರಳ ಸಂದಿಯಲ್ಲಿ ನಾಲ್ಕೈದು, ದ್ರಾಕ್ಷಿಯ ಹಾಗೆ ಊದಿಕೊಂಡು. ಚಿಕ್ಕ ಹುಡುಗನಿಗೆ ಇಪ್ಪತ್ತಮೂರು ವರ್ಷ, ಈಗಲೇ ಸೊಂಟಕ್ಕೆ ಬೆಲ್ಟ್ ಹಾಕುತ್ತಾನೆ. ನನ್ನ ಸೊಂಟದ ವಿಷಯ ಬಿಡಿ, ಅದು ಹೋಗಿ ಎಷ್ಟೋ ವರ್ಷ ಆಯಿತು.

ಇದಕ್ಕೆಲ್ಲ ನಾವು ದೂರಿಲ್ಲ ಸರ್. ಕೆಲಸ ಅಂದ ಮೇಲೆ ಇದ್ದದ್ದೇ. ದೂರು ಇರುವುದು ಗೇಟಿನ ಬಗ್ಗೆ.

ಹೋದ ವರ್ಷ ಕಕ್ಕಡ ಹದಿನೆಂಟರ ಹಿಂದಿನ ದಿನ, ಅಂದರೆ ಆಗಸ್ಟ್ 2. ಕಕ್ಕಡ ಅಂದರೆ ನಮ್ಮ ಕಡೆಯ ಜೋರು ಮಳೆಯ ತಿಂಗಳು, ಅದರ ಹದಿನೆಂಟಕ್ಕೆ ಮನೆಮನೆಯಲ್ಲಿ ಮದ್ದುಸೊಪ್ಪಿನ ಪಾಯಸ. ಮಳೆ ಹೇಗಿತ್ತು ಅಂತ ನಾನು ಹೇಳಬೇಕಾಗಿಲ್ಲ. ಗಾಡಿಯಲ್ಲಿ ಒಂದು ಮಂಚ, ಒಂದು ಹತ್ತಿ ಹಾಸಿಗೆ, ಒಂದು ಕಬ್ಬಿಣದ ಬೀರು, ಎರಡು ಬೆತ್ತದ ಕುರ್ಚಿ. ಮಂಚ, ಹಾಸಿಗೆ ಇದ್ದದ್ದು ಒಬ್ಬ ಬಾಣಂತಿಗೆ. ಹೆರಿಗೆಯಾಗಿ ಹನ್ನೊಂದು ದಿನ, ಚಾಪೆಯ ಮೇಲೆ ಮಲಗಿದ್ದಳು. ಕಕ್ಕಡದಲ್ಲಿ ನಮ್ಮ ಕಡೆ ನೆಲ ಬೆವರುತ್ತದೆ ಅಲ್ವಾ, ಆ ನೆಲದ ಮೇಲೆ. ಕುರ್ಚಿ ಎರಡೂ ಅವಳ ಅತ್ತೆ ಮಾವನಿಗೆ. ಇಬ್ಬರಿಗೂ ಮಂಡಿ ನೋವು, ನೆಲದಲ್ಲಿ ಕೂತರೆ ಏಳಲು ಆಗುವುದಿಲ್ಲ.

ಸಂಜೆ ನಾಲ್ಕಕ್ಕೆ ಗೇಟಿನಲ್ಲಿ ಕೈ ಅಡ್ಡ ಹಾಕಿದರು. ಟಾರ್ಪಾಲ್ ಬಿಚ್ಚಿ ಅಂದರು. ಸಾರ್, ಹಾಸಿಗೆ ಇದೆ, ಒಂದು ಬದಿಯಿಂದ ಮಾತ್ರ ಬಿಚ್ಚುತ್ತೇವೆ ಅಂದೆ. ಪೂರ್ತಿ ಬಿಚ್ಚಿ ಅಂದರು. ಪೂರ್ತಿ ಬಿಚ್ಚಿದೆವು. ಗಾರ್ಡ್ ಜೇಬಿನಿಂದ ಚಾಕು ತೆಗೆದು ಮಂಚದ ಕಾಲನ್ನು ಕೆರೆದರು. ಬಣ್ಣದ ಕೆಳಗೆ ಬೆಲೆಬಾಳುವ ಬೀಟೆ ಮರ ಇದೆಯಾ ಅಂತ ನೋಡಲು. ಬಿಳಿಚಿಕೊಂಡ ಮರ ಕಾಣಿಸಿತು. ಕೊಡಗಿನಲ್ಲಿ ಹುಟ್ಟಿದ ಮಗುವಿಗೂ ಗೊತ್ತಾಗುತ್ತದೆ ಅದು ಕಾಫಿ ತೋಟದ ಸಿಲ್ವರ್ ಓಕ್ ಮರ ಅಂತ. ಆದರೂ ಇನ್ನೊಂದು ಕಾಲು ಕೆರೆದರು. ಆಮೇಲೆ ಮೂರನೆಯದು. ನಾಲ್ಕು ಕಾಲಿನಲ್ಲಿ ಒಂದು ಮಾತ್ರ ಬೀಟೆ ಇಡುವ ಬಡಗಿ ಯಾರು ಅಂತ ನನಗಿನ್ನೂ ಗೊತ್ತಿಲ್ಲ. ಬೀರುವಿನ ಬಾಗಿಲನ್ನೂ ತೆಗೆಸಿದರು, ಒಳಗೆ ಬೀಟೆ ಬಚ್ಚಿಟ್ಟಿರಬಹುದಲ್ಲ. ಒಳಗೆ ಇದ್ದದ್ದು ನುಸಿಗುಳಿಗೆ.

ಕೊನೆಗೆ ಸಾಹೇಬರು ಬಂದು ನೋಡಬೇಕು ಅಂದರು. ಸಾಹೇಬರು ಬಂದದ್ದು ರಾತ್ರಿ ಒಂಬತ್ತೂವರೆಗೆ. ಅಲ್ಲಿಯ ತನಕ ಟಾರ್ಪಾಲ್ ಮತ್ತೆ ಕಟ್ಟಲು ಬಿಡಲಿಲ್ಲ, ಸಾಹೇಬರು ನೋಡುವಾಗ ಎಲ್ಲ ಕಾಣಬೇಕಂತೆ. ಐದೂವರೆ ಗಂಟೆ ಹಾಸಿಗೆ ಮಳೆಯಲ್ಲಿ ನೆನೆಯಿತು. ಹುಡುಗರು ತಮ್ಮ ಜರ್ಕಿನ್ ತೆಗೆದು ಅದರ ಮೇಲೆ ಹಾಕಿದರು, ಅದೆಷ್ಟು ತಡೆಯುತ್ತದೆ ಹೇಳಿ. ಆ ಹೊತ್ತಿನಲ್ಲೇ ದಿಮ್ಮಿ ತುಂಬಿದ ಲಾರಿಯೊಂದು ಬಂತು, ಒಂದು ಚೀಟಿ ತೋರಿಸಿತು, ಹೋಯಿತು. ಪರ್ಮಿಟ್ ಸರಿಯಾಗಿಯೇ ಇದ್ದಿರಬಹುದು, ಇಲ್ಲ ಅನ್ನಲು ನಾನ್ಯಾರು. ಚೀಟಿ ಇದ್ದವರು ಹೋಗುತ್ತಾರೆ, ಇಲ್ಲದವರು ನಿಲ್ಲುತ್ತಾರೆ. ಆ ಚೀಟಿಯನ್ನೇ ನಾವೂ ಕೇಳುತ್ತಿರುವುದು ಸರ್!

ಸಾಹೇಬರು ಟಾರ್ಚ್ ಹಾಕಿ ಒಂದು ನಿಮಿಷ ನೋಡಿ, ಸಿಲ್ವರ್ ಅಲ್ವಾ ಇದು, ಬಿಡಿ ಅಂದರು. ನಾವು ಕಟ್ಟಿಕೊಂಡು ಹೊರಡಬೇಕು ಅನ್ನುವಾಗ ಗಾರ್ಡ್ ಒಂದು ಬೆತ್ತದ ಕುರ್ಚಿಗೆ ಕೈ ಹಾಕಿದರು. 'ಬೆತ್ತವೂ ಕಾಡಿನದ್ದೇ. ಒಂದು ಇಲ್ಲಿರಲಿ, ನಮಗೂ ಕೂರಲು ಬೇಕಲ್ಲ.' ನಗುತ್ತಲೇ ಹೇಳಿದರು. ದೊಡ್ಡ ಹುಡುಗ ನನ್ನ ಮುಖ ನೋಡಿದ. ನಾನು ಏನೂ ಅನ್ನಲಿಲ್ಲ. ಈಗಲೂ ನಿದ್ದೆ ಬಾರದಿದ್ದರೆ ಅದೇ ನೆನಪಾಗುತ್ತದೆ, ಏನೂ ಅನ್ನದೆ ಬಂದದ್ದು.

ಆ ರಾತ್ರಿ ಮುಂದೆ ಹೋಗಲು ಆಗಲಿಲ್ಲ. ಬಾಣಂತಿಯ ಮನೆ ಇರುವುದು ಹಾಡಿಯಲ್ಲಿ, ಅಂದರೆ ಆದಿವಾಸಿಗಳ ಕೇರಿಯಲ್ಲಿ; ಆ ದಾರಿಯಲ್ಲಿ ಕತ್ತಲಾದ ಮೇಲೆ ಆನೆ ಇರುತ್ತದೆ, ಆರು ಗಂಟೆಯ ಮೇಲೆ ಅಲ್ಲಿಯವರೇ ಹೊರಗೆ ಬರುವುದಿಲ್ಲ. ಮರುದಿನ ಬೆಳಿಗ್ಗೆ ಹೋದೆವು. ಊರೆಲ್ಲ ಮದ್ದುಸೊಪ್ಪಿನ ಪಾಯಸದ ಘಮ. ಮಂಚ ಕೊಟ್ಟೆವು, ಹಾಸಿಗೆ ಕೊಡಲಿಲ್ಲ, ಅದು ನೀರು ಕುಡಿದು ನಾಲ್ಕು ಜನ ಎತ್ತುವಷ್ಟು ಭಾರ ಆಗಿತ್ತು. ಆ ಮಳೆಯಲ್ಲಿ ಎಲ್ಲಿ ಒಣಗಿಸುವುದು? ಬೂಷ್ಟು ಹಿಡಿದು ಕೊನೆಗೆ ಸುಟ್ಟೆವು. ಹುಡುಗಿ ಬರೀ ಹಲಗೆಯ ಮೇಲೆ ಕಂಬಳಿ ಹಾಸಿಕೊಂಡಳು. ಕುರ್ಚಿ ಒಂದೇ. ಅಜ್ಜಿಗೆ ಅಂತ ಇಟ್ಟರೆ ಅಜ್ಜಿ, ಅವರು ಕೂರಲಿ ಅಂದರು. ಅವರು, ಅವಳು ಕೂರಲಿ ಅಂದರು. ನಾವು ಬರುವ ತನಕ ಇಬ್ಬರೂ ನಿಂತೇ ಇದ್ದರು.

ಬೀಟೆ ಕಳ್ಳತನ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮೇಲೆ ಹಲಸು, ಅಡಿಯಲ್ಲಿ ಬೀಟೆ ತುಂಬಿ ಹೋಗುವವರ ಕಥೆ ಇಲ್ಲಿ ಯಾರಿಗೆ ಗೊತ್ತಿಲ್ಲ. ತಪಾಸಣೆ ಬೇಕು, ಮಾಡಲಿ. ನಮ್ಮ ಹತ್ತಿರ ಅಕ್ಕ ಬರೆದ ಪುಸ್ತಕ ಇದೆ. ಯಾವ ತಾರೀಕು, ಯಾರ ಮನೆಯಿಂದ, ಏನು, ಯಾರಿಗೆ, ತೆಗೆದುಕೊಂಡವರ ಸಹಿ. ಸಹಿ ಬಾರದವರ ಹೆಬ್ಬೆಟ್ಟು. ಆ ಪುಸ್ತಕ ತೋರಿಸಿದರೆ, ಇದಕ್ಕೆ ಸರ್ಕಾರದ ಸೀಲ್ ಎಲ್ಲಿ ಅನ್ನುತ್ತಾರೆ. ಸೀಲ್ ಹಾಕಿ ಕೊಡಿ ಅಂತ ಕಚೇರಿಗೆ ಹೋದರೆ, ಇದು ನಮಗೆ ಬರುವುದಿಲ್ಲ ಅನ್ನುತ್ತಾರೆ. ಯಾರಿಗೆ ಬರುತ್ತದೆ ಅಂದರೆ, ಅದೂ ನಮಗೆ ಬರುವುದಿಲ್ಲ.

ದೊಡ್ಡ ಹುಡುಗ ಹಮಾಲರಿಗೆ ಕೊಡುವ, ಸರ್ಕಾರದ ಅಂಬೇಡ್ಕರ್ ಸಹಾಯ ಹಸ್ತ ಯೋಜನೆಯ ಕಾರ್ಡಿಗೂ ಓಡಾಡಿದ. ನೀನು ಮಂಡಿಯಲ್ಲಿ ಮೂಟೆ ಹೊರುತ್ತೀಯಾ ಅಂತ ಕೇಳಿದರಂತೆ. ಇಲ್ಲ, ಬೀರು ಹೊರುತ್ತೇನೆ ಅಂದನಂತೆ. ವಾಪಸ್ ಕಳಿಸಿದರು. ಅದಿರಲಿ, ಅದಕ್ಕೆ ಬೇರೆಯೇ ಪತ್ರ ಬರೆಯಬೇಕು.

ಈಗ ನನಗೆ ಬೇಕಾಗಿರುವುದು ಗೇಟಿಗೆ ತೋರಿಸುವ ಪತ್ರ. ಹುಡುಗರಿಗೆ ಗುರುತಿನ ಚೀಟಿ. ನೀವು ಒಂದು ಫೋನ್ ಮಾಡಿದರೆ ಒಂದು ವಾರದಲ್ಲಿ ಆಗುವ ಕೆಲಸ. ಈ ಮಳೆಗಾಲ ಶುರುವಾಗುವ ಮೊದಲು ಆಗಬೇಕು, ಯಾಕೆಂದರೆ ಜನ ಮಂಚ ಕೇಳುವುದೇ ಆಗ. ಹುಡುಗರು ಈ ಕೆಲಸ ಬಿಡುತ್ತೇವೆ ಅನ್ನುತ್ತಿದ್ದಾರೆ. ಚಿಕ್ಕವನ ಅಮ್ಮ ನನಗೆ ಫೋನ್ ಮಾಡಿ, ಅಣ್ಣ, ಇವನ ಮೇಲೆ ಮರದ ಕೇಸು ಏನಾದರೂ ಹಾಕುತ್ತಾರಾ ಅಂತ ಕೇಳಿದರು. ಏನಂತ ಹೇಳುವುದು? ಇಲ್ಲ ಅಕ್ಕ, ಪತ್ರ ಬರುತ್ತದೆ ಅಂದಿದ್ದೇನೆ. ನಿಮ್ಮ ಪರವಾಗಿ ನಾನೇ ಆಶ್ವಾಸನೆ ಕೊಟ್ಟುಬಿಟ್ಟೆ, ತಪ್ಪಾಗಿದ್ದರೆ ಕ್ಷಮಿಸಿ.

ಇನ್ನು ಕುರ್ಚಿ. ಕುರ್ಚಿಯ ಬೆಲೆ ನಿಮಗೆ ಹೇಳಿಕೊಡಬೇಕಾಗಿಲ್ಲ. ವಾರಕ್ಕೆ ಎರಡು ಸಲ ಆ ಗೇಟು ದಾಟುತ್ತೇನೆ, ಎರಡು ಸಲವೂ ಅದು ಕಾಣುತ್ತದೆ. ಒಂದು ಕೈಯ ಹೆಣಿಗೆ ಬಿಟ್ಟಿದೆ, ಪ್ಲಾಸ್ಟಿಕ್ ದಾರ ಸುತ್ತಿದ್ದಾರೆ. ಗೇಟಿನಲ್ಲಿ ಹಗಲು ರಾತ್ರಿ ನಿಲ್ಲುವವರಿಗೂ ಕಾಲು ನೋಯುತ್ತದೆ, ಅದು ನನಗೂ ಗೊತ್ತು. ಅವರಿಗೆ ಕೂರಲು ಒಂದು ಕುರ್ಚಿ ಇಲಾಖೆ ಕೊಡಬಾರದಾ? ಆ ಅಜ್ಜ ಅಜ್ಜಿಯ ಕುರ್ಚಿಯೇ ಆಗಬೇಕಾ?

ಅಕ್ಕನ ಪುಸ್ತಕದಲ್ಲಿ ಆ ದಿನದ ಸಾಲು ಹೀಗಿದೆ: ಬೆತ್ತದ ಕುರ್ಚಿ 2, ಮುಟ್ಟಿದ್ದು 1, ಗೇಟಿನಲ್ಲಿ 1. ಪಕ್ಕದಲ್ಲಿ ಸಹಿ ಹಾಕುವ ಜಾಗ ಖಾಲಿ ಬಿಟ್ಟಿದ್ದಾರೆ. ಕುರ್ಚಿ ವಾಪಸ್ ಕೊಡಿಸಿ. ಇಲ್ಲವಾದರೆ, ನಾವೂ ಇಲ್ಲದವರು ಅಂತಲೇ ತೆಗೆದುಕೊಂಡಿದ್ದೇವೆ ಅಂತ ಬರೆದು, ಯಾರಾದರೂ ಬಂದು ಅಲ್ಲಿ ಒಂದು ಸಹಿ ಹಾಕಿ ಹೋಗಲಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಪಿಕಪ್ ಡ್ರೈವರ್