ಆ ಬಿಳಿ ಕಲ್ಲನ್ನು ನೀನು ಮುಟ್ಟಿರಲಿಲ್ಲ

ಅಕ್ಕಲಕೋಟ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟವ್ವಾ,

ಮೊನ್ನೆ ನೀನು ಫೋಟೋ ಕಳಿಸಿದಾಗ ಅಂಗಡಿ ಬಾಗಿಲು ಹಾಕುವ ಹೊತ್ತು. ಕೈಯೆಲ್ಲ ಮೋಟರ್ ವೈಂಡಿಂಗಿನ ವಾರ್ನಿಷ್. ಕಿರುಬೆರಳಲ್ಲಿ ಫೋನ್ ತೆರೆದು ನೋಡಿದೆ. ಬಿಳಿ ಹರಳಿನ ಮೇಲೆ ಕಡಲೆಕಾಳಿನಷ್ಟು ಒಂದು ನೀಲಿ ಉಂಡೆ. ಕೆಳಗೆ ನಿನ್ನ ಒಂದೇ ಸಾಲು: 'ಅಪ್ಪಾ, ಎಂಟುನೂರು ಅಂತಾನ, ತಗೊಳ್ಲ್ಯಾ?'

'ತಡಿ' ಅಂತ ಬರೆದು ಸುಮ್ಮನಾದೆ. ಹದಿನಾಲ್ಕು ವರ್ಷದಲ್ಲಿ ನೀನು ಕಲ್ಲಿನ ಬಗ್ಗೆ ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು. ಯಾಕೆ ಕೇಳುತ್ತಿರಲಿಲ್ಲ ಅನ್ನುವುದು ನನಗೆ ಗೊತ್ತು. ಅದನ್ನೂ ಬರೆಯುತ್ತೇನೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಮೊದಲು ನೀಲಿ ಕಲ್ಲಿನ ಮಾತು ಮುಗಿಸೋಣ. ಅದರ ಹೆಸರು ಕ್ಯಾವನ್ಸೈಟ್. ಕ್ಯಾಲ್ಸಿಯಂ, ವನೇಡಿಯಂ, ಸಿಲಿಕಾನ್, ಈ ಮೂರರ ತಲೆ ಅಷ್ಟೇ ಕತ್ತರಿಸಿ ಜೋಡಿಸಿದ ಹೆಸರು. ಮೊದಲು ಸಿಕ್ಕಿದ್ದು ಅಮೆರಿಕದ ಒರೆಗಾನ್‌ನಲ್ಲಿ. 1973ರಲ್ಲಿ ಹೊಸ ಖನಿಜ ಅಂತ ಬರೆದು ಹೆಸರಿಟ್ಟರು. ಆದರೆ ಅಲ್ಲಿಯದು ತೀರಾ ಸಣ್ಣದು. ಕಣ್ಣು ತುಂಬುವಂಥದ್ದು ಸಿಕ್ಕಿದ್ದು ಪುಣೆಯ ವಾಘೋಲಿಯಲ್ಲಿ. ಹೌದು, ನೀನು ರೂಮು ಮಾಡಿಕೊಂಡು, ನೀರು ಬರಲ್ಲ ಅಂತ ದಿನಾ ಬೈಯುವ ಅದೇ ವಾಘೋಲಿ. ಅಲ್ಲಿನ ಕಲ್ಲಿನ ಕ್ವಾರಿಗಳ ಹೆಸರು ಪರದೇಶದ ಮ್ಯೂಸಿಯಂ ಚೀಟಿಗಳ ಮೇಲಿದೆ. ಬಿಳಿ ಬಟ್ಟೆಗೆ ಹಾಕುವ ನೀಲಿ ಪುಡಿ ಇದೆಯಲ್ಲ, ಅದೇ ಬಣ್ಣ. ಹೊಳಪು ಮಾತ್ರ ಬೇರೆ.

ಈಗ ನೀನು ಮಾಡಬೇಕಾದದ್ದು ಇಷ್ಟೇ. ಉಂಡೆ ನೋಡಬೇಡ, ಉಂಡೆಯ ಬುಡ ನೋಡು. ಪತ್ತಾರರು ಕಣ್ಣಿಗೆ ಹಿಡಿಯುವಂಥ ಸಣ್ಣ ಭೂತಕನ್ನಡಿ ತಗೊಂಡು ಹೋಗು. ನಿಜವಾದದ್ದಾದರೆ ನೀಲಿ ಸೂಜಿಗಳು ನಡುವಿನಿಂದ ಸುತ್ತಲೂ ಚಾಚಿಕೊಂಡಿರುತ್ತವೆ, ಬುಡದಲ್ಲಿ ಬಿಳಿ ಹರಳಿನ ಜೊತೆ ಒಂದರೊಳಗೊಂದು ಬೆಳೆದಿರುತ್ತವೆ. ಬುಡದ ಸುತ್ತ ಒದ್ದೆ ಒದ್ದೆಯಾಗಿ ಮಿನುಗುವ ಉಂಗುರ ಕಂಡರೆ ಅದು ಅಂಟು. ಉದುರಿಬಿದ್ದ ನೀಲಿ ಉಂಡೆಯನ್ನು ಬೇರೆ ಬಿಳಿ ಕಲ್ಲಿಗೆ ಅಂಟಿಸಿ ಮಾರುವುದು ಹಳೇ ಆಟ. ನೋಟು ಪರೀಕ್ಷೆ ಮಾಡುವ ನೇರಳೆ ಟಾರ್ಚ್ ಬಿಟ್ಟರೆ ಕೆಲವು ಅಂಟು ಬೆಳ್ಳಗೆ ಹೊಳೆಯುತ್ತದೆ. ಎಲ್ಲಾ ಅಂಟೂ ಹೊಳೆಯುವುದಿಲ್ಲ, ಆದ್ದರಿಂದ ಕಣ್ಣೇ ಗಟ್ಟಿ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. 2008ರಲ್ಲಿ ಒಬ್ಬನ ಹತ್ತಿರ ಅಪೊಫಿಲೈಟ್ ಅನ್ನುವ ಹಸಿರು ಹರಳಿನ ಕಲ್ಲು ತಂದಿದ್ದೆ, ಸಾವಿರದ ಐದುನೂರು ಕೊಟ್ಟು. ಮನೆಗೆ ಬಂದು ಬಕೆಟ್ ನೀರಿನಲ್ಲಿ ತೊಳೆದೆ. ಹಸಿರು ಹರಳು ಟಣ್ ಅಂತ ಬಕೆಟ್ ತಳಕ್ಕೆ ಬಿತ್ತು, ಬುಡದಲ್ಲಿ ಹಳದಿ ಅಂಟಿನ ಗೊಣ್ಣೆಯ ಸಮೇತ. ನಿಮ್ಮವ್ವ ನಗು ತಡೆಯಲಾರದೆ ಅಡಿಗೆಮನೆಗೆ ಓಡಿದಳು. ಆ ತಳದ ಕಲ್ಲನ್ನು ಇವತ್ತಿಗೂ ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟಿದ್ದಾಳೆ. ಯಾರಾದರೂ ಬಂದರೆ 'ಇದು ನಮ್ಮನೀ ಕಾಸ್ಟ್ಲಿ ಕಲ್ಲು' ಅಂತ ತೋರಿಸುತ್ತಾಳೆ.

ಇನ್ನೊಂದು ಮಾತು. ಕಲ್ಲು ಹುಡುಕಲು ಅಂತ ಅಲ್ಲಿನ ಕ್ವಾರಿಯೊಳಗೆ ನೀನೇ ಹೋಗಬೇಡ. ಮದ್ದು ಸಿಡಿಸಿದ ಗೋಡೆ ಯಾವಾಗ ಜಾರುತ್ತದೆ ಅಂತ ಹೇಳಲಾಗದು. ಮಾಲೀಕನ ಅಪ್ಪಣೆ ಇಲ್ಲದೆ ಕಾಲಿಡುವುದೂ ತಪ್ಪು.

ನನಗೆ ಈ ಹುಚ್ಚು ಹತ್ತಿದ್ದು ಮೋಟರ್‌ಗಳಿಂದ. ಸುಟ್ಟ ಮೋಟರ್ ಬಿಚ್ಚಲು ಮೈಂದರ್ಗಿ, ದುಧನಿ, ನಾಗಣಸೂರ ಅಂತ ಬಾವಿ ಬಾವಿ ಅಲೆಯುತ್ತಿದ್ದೆ. ಹೊಸ ಬಾವಿಯ ದಂಡೆಯಲ್ಲಿ ನಿಂತರೆ ನಮ್ಮ ಸೀಮೆಯ ಹೊಟ್ಟೆ ಕಾಣುತ್ತದೆ. ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಕರಿಕಲ್ಲು. ಬಾವಿ ತೆಗೆಯುವವರಿಗೆ ಕರಿಕಲ್ಲು ಅಂದರೆ ಬೆವರು, ಮದ್ದು, ಖರ್ಚು. ಅವರು ಮೇಲೆ ಎತ್ತಿ ಸುರಿದ ರಾಶಿಯಲ್ಲಿ ನಾನು ಕೈಯಾಡಿಸುತ್ತಿದ್ದೆ. ಕಪ್ಪು ಕಲ್ಲಿನೊಳಗೆ ಬೆರಳು ತೂರುವಷ್ಟು ಒಂದು ಗೂಡು, ಗೂಡಿನ ಒಳಗೋಡೆಗೆ ಬಿಳಿ ಹರಳು. 'ಪೇಪರ್‌ವೇಟ್ ಮಾಡ್ತೀಯೇನೋ?' ಅಂತ ರೈತರು ಕೇಳುತ್ತಿದ್ದರು. ನಿಮ್ಮ ಅಜ್ಜಿ ಇನ್ನೂ ನೇರ: 'ಈ ಕಲ್ಲು ಏನ್ ರೊಟ್ಟಿ ಹಾಕ್ತಾವೇನೋ ನಿನಗ?'

ಆ ಗೂಡು ಹೇಗಾಯಿತು ಅಂತ ನೀನು ಚಿಕ್ಕವಳಿದ್ದಾಗ ಹೇಳಿದ್ದೆ, ಮರೆತಿರಬಹುದು. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಸೀಳಿ ಕಾದ ಲಾವಾ ಹರಿಯಿತು, ಪದರದ ಮೇಲೆ ಪದರ. ಈಗಲೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲದಲ್ಲಿ ಆ ಕರಿಕಲ್ಲೇ ಹಾಸಿದೆ. ಗಾಣದಲ್ಲಿ ಬೆಲ್ಲದ ಪಾಕ ಆರುವಾಗ ಮೇಲೆ ಗುಳ್ಳೆ ಏಳುತ್ತದಲ್ಲ, ಹಾಗೆ ಲಾವಾದೊಳಗಿನ ಅನಿಲ ಹೊರಹೋಗಲಾಗದೆ ಗುಳ್ಳೆಯಾಗಿಯೇ ಉಳಿಯಿತು. ಆಮೇಲೆ ಯಾವಾಗಲೋ ಬಿಸಿನೀರು ಬಿರುಕುಗಳಲ್ಲಿ ಇಳಿಯಿತು. ಕಲ್ಲಿನಿಂದ ಸಿಲಿಕಾ, ಸುಣ್ಣ, ಅಲ್ಯೂಮಿನಿಯಂ ಎಲ್ಲಾ ಕರಗಿಸಿಕೊಂಡು ಗುಳ್ಳೆಯೊಳಗೆ ಬಂದು ಕೂಡಿತು. ಅಲ್ಲಿ ತಣ್ಣಗಾಗುತ್ತ ಗೋಡೆಗೆ ಕಟ್ಟಿಕೊಂಡಿತು. ನಮ್ಮ ಬೋರ್‌ವೆಲ್ ನೀರಿಗೆ ಹೀಟರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದಲ್ಲ, ಅದನ್ನು ಕೆರೆದು ಕೆರೆದು ನನ್ನ ಅರ್ಧ ಆಯುಷ್ಯ ಹೋಗಿದೆ. ಅದಕ್ಕೂ ಇದಕ್ಕೂ ಬಹಳ ದೂರದ ಸಂಬಂಧ ಏನಲ್ಲ. ಆದರೆ ಹೀಟರ್‌ಗೆ ಅವಸರ. ಗುಳ್ಳೆಗೆ ಬೇಕಾದಷ್ಟು ಪುರುಸೊತ್ತು, ಬೇಕಾದಷ್ಟು ಜಾಗ. ಅದಕ್ಕೇ ಅಲ್ಲಿ ಪದರ ಆಗಲಿಲ್ಲ, ಕಲ್ಲುಸಕ್ಕರೆಯ ಹಾಗೆ ಅಂಚು ಕಟ್ಟಿದ ಹರಳಾಯಿತು.

ಹೀಗೆ ಹುಟ್ಟಿದ ಸ್ಟಿಲ್ಬೈಟ್, ಹ್ಯೂಲಂಡೈಟ್, ಸ್ಕೋಲೆಸೈಟ್, ಎಲ್ಲಾ ಒಂದೇ ಮನೆತನ. ಜಿಯೋಲೈಟ್ ಅಂತಾರೆ. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಅನ್ನುವವನು ಇಂಥದ್ದೊಂದು ಕಲ್ಲನ್ನು ಕಾಯಿಸಿದ. ಕಲ್ಲು ಹಾಲು ಉಕ್ಕಿದ ಹಾಗೆ ನೊರೆಯೆದ್ದಿತು. ಗ್ರೀಕ್ ಮಾತಿನಲ್ಲಿ 'ಕುದಿಯುವ ಕಲ್ಲು' ಅಂತ ಹೆಸರಿಟ್ಟ. ಅಂದರೆ ಕಲ್ಲಿನೊಳಗೆ ನೀರಿತ್ತು. ಈ ಮಾತು ನೆನಪಿಟ್ಟುಕೋ, ಮುಂದೆ ಬೇಕು. ಅಪೊಫಿಲೈಟ್ ಮಾತ್ರ ಈ ಮನೆತನದ್ದಲ್ಲ, ಪಕ್ಕದ ಮನೆಯದು. ಆದರೆ ನಮ್ಮ ಕಡೆ ಹೆಚ್ಚಾಗಿ ಇವುಗಳ ಜೊತೆಯಲ್ಲೇ ಇರುತ್ತದೆ. ನೀನು ಮುಂಬೈಗೆ ಹೋಗುವಾಗ ದಾಟುವ ಬೋರ್ ಘಾಟ್ ರೈಲು ದಾರಿ 1863ರಲ್ಲಿ ಶುರುವಾಯಿತು. ಅದಕ್ಕಾಗಿ ಗುಡ್ಡ ಕೊರೆದಾಗ ಸಿಕ್ಕ ಹರಳುಗಳು ಹಡಗು ಹತ್ತಿ ಲಂಡನ್ ಸೇರಿದವು.

ಈಗ ಆ ಮಾತಿಗೆ ಬರುತ್ತೇನೆ.

2011ರ ಫೆಬ್ರವರಿ. ನಾಗಣಸೂರದಲ್ಲಿ ಒಂದು ಹೊಸ ಬಾವಿ. ಮೂವತ್ತೆಂಟು ಅಡಿಯಲ್ಲಿ ಒಸರು ನೀರು ಶುರುವಾಗಿತ್ತು, ಹೊಸ ಮೋಟರ್ ಇಳಿಸಲು ಕರೆದಿದ್ದರು. ಆ ಒದ್ದೆ ಕಲ್ಲಿನಲ್ಲಿ ಒಂದು ಗೂಡು. ಒಳಗೆ ಬಿಳಿ ಕಂಬಗಳು, ಬೆಂಕಿಕಡ್ಡಿಯಷ್ಟು ದಪ್ಪ, ಅರ್ಧ ಬೆರಳುದ್ದ, ತುದಿ ಓರೆಯಾಗಿ ಕೊಯ್ದ ಹಾಗೆ. ಒಂದಕ್ಕೂ ಮುಕ್ಕಿಲ್ಲ. ಅಷ್ಟು ಚೆಂದದ್ದು ನನ್ನ ಕೈಗೆ ಅದಕ್ಕೆ ಮೊದಲು ಸಿಕ್ಕಿರಲಿಲ್ಲ. ಒದ್ದೆ ಟವೆಲ್ಲಿನಲ್ಲಿ ಸುತ್ತಿ, ಮೋಟರ್ ಸೈಕಲ್ ಟ್ಯಾಂಕಿನ ಮೇಲೆ ಕೂಸನ್ನು ತಂದ ಹಾಗೆ ತಂದೆ. ಕಪಾಟಿನ ನಡುವಿನ ಹಲಗೆಯಲ್ಲಿ ಇಟ್ಟೆ. ನೀನು ಎರಡೂ ಕೈ ಹಿಂದೆ ಕಟ್ಟಿಕೊಂಡು ಅದರ ಮುಂದೆ ನಿಲ್ಲುತ್ತಿದ್ದೆ. ಒಂಬತ್ತು ವರ್ಷ ಆಗ ನಿನಗೆ.

ಯುಗಾದಿ ಬಂತು. ಮನೆಗೆ ಸುಣ್ಣ ಬಳಿಯಲು ಕಪಾಟು ಸರಿಸಿದೆವು. ಸಾಮಾನು ಎತ್ತಿಡಲು ನೀನೂ ಕೈ ಹಾಕಿದ್ದೆ. ಸಂಜೆ ನಾನು ಬಂದು ನೋಡಿದರೆ ಡಬ್ಬಿಯಲ್ಲಿ ಕಂಬಗಳಿಲ್ಲ. ರಂಗೋಲಿ ಪುಡಿಯಂಥ ಬಿಳಿ ರಾಶಿ. ನಿನ್ನನ್ನು ಕರೆದೆ. 'ನಾ ಮುಟ್ಟಿಲ್ಲಪ್ಪಾ' ಅಂದೆ ನೀನು. ಸುಳ್ಳು ಬೇರೆ ಹೇಳುತ್ತೀಯಾ ಅಂತ ಬೆನ್ನಿಗೊಂದು ಹಾಕಿದೆ. ಮರುದಿನ ಬೇವು ಬೆಲ್ಲ ಕೊಡುವಾಗ ನೀನು ಅಂಗೈ ಚಾಚಿದೆ, ಮುಖ ಎತ್ತಲಿಲ್ಲ. ಅಂದಿನಿಂದ ಆ ಕಪಾಟಿನ ಹತ್ತಿರ ನೀನು ಸುಳಿಯಲೇ ಇಲ್ಲ.

ಆ ಕಲ್ಲಿನ ಹೆಸರು ಲೋಮಂಟೈಟ್. ನನಗೆ ಗೊತ್ತಾಗಿದ್ದು 2016ರಲ್ಲಿ. ಸೊಲ್ಲಾಪುರದ ಒಬ್ಬ ಭೂಗರ್ಭಶಾಸ್ತ್ರದ ಮೇಷ್ಟ್ರು ತಮ್ಮ ಹೊಲದ ಮೋಟರ್ ರಿವೈಂಡಿಂಗಿಗೆ ತಂದಿದ್ದರು. ಅಂಗಡಿಯ ಕಲ್ಲು ನೋಡಿ ಮಾತಿಗೆ ಕೂತರು. ಪುಡಿಯ ಡಬ್ಬಿ ತೋರಿಸಿದೆ, ಯಾಕೋ ಚೆಲ್ಲಿರಲಿಲ್ಲ. ಒಂದು ಚಿಟಿಕೆ ಬೆರಳಲ್ಲಿ ಉಜ್ಜಿ ನೋಡಿದರು. 'ಇದನ್ನ ಯಾರೂ ಮುಟ್ಟೋದು ಬೇಕಿಲ್ರೀ, ತಾನ ಪುಡಿ ಆಗ್ತದ' ಅಂದರು. ಅದೂ ಜಿಯೋಲೈಟ್ ಮನೆತನದ್ದೇ. ನೂರು ಗ್ರಾಂ ಕಲ್ಲಿನಲ್ಲಿ ಸುಮಾರು 15 ಗ್ರಾಂ ನೀರೇ ಇರುತ್ತದಂತೆ. ಬೇರೆ ಜಿಯೋಲೈಟ್‌ಗಳು ಕಾಯಿಸಿದರೆ ನೀರು ಬಿಡುತ್ತವೆ. ಇದು ಬರೀ ಒಣ ಗಾಳಿಗೇ ಸ್ವಲ್ಪ ಸ್ವಲ್ಪ ಬಿಡುತ್ತ ಹೋಗುತ್ತದೆ. ನೀರು ಹೋದ ಹಾಗೆ ಸೀಮೆಸುಣ್ಣದಂತೆ ಬಿಳಿಚಿಕೊಂಡು, ಬಿರುಕು ಬಿಟ್ಟು ಉದುರುತ್ತದೆ. ಒಸರು ನೀರಿನಲ್ಲಿದ್ದದ್ದನ್ನು ತಂದು ನಮ್ಮ ಸೊಲ್ಲಾಪುರದ ಬೇಸಿಗೆಯಲ್ಲಿ, ಪತ್ರಾಸಿನ ಮಾಡಿನ ಕೆಳಗೆ ಇಟ್ಟವನು ನಾನು. ಹೆಸರು ಬಂದದ್ದು ಗಿಲ್ಲೆ ದ ಲೋಮೊಂ ಅನ್ನುವ ಫ್ರೆಂಚ್ ಮನುಷ್ಯನಿಂದ. ಅವನು 1785ರಲ್ಲಿ ಬ್ರಿಟನಿ ಸೀಮೆಯ ಸೀಸದ ಗಣಿಯಿಂದ ಇದನ್ನು ತಂದಿದ್ದ. ಅವನ ಮನೆಯಲ್ಲಿ ಯಾವ ಮಗುವಿಗೆ ಏಟು ಬಿತ್ತೋ.

2016ರಲ್ಲೇ ನಿನಗೆ ಹೇಳಬೇಕಿತ್ತು. ಹೇಳಲಿಲ್ಲ. ಪರೀಕ್ಷೆ ಮುಗಿಯಲಿ, ರಜೆ ಬರಲಿ ಅಂತ ಮುಂದಕ್ಕೆ ಹಾಕಿದೆ. ಆಮೇಲೆ ಹಾಕಿದ್ದೇ ರೂಢಿಯಾಯಿತು. ತಪ್ಪಾಯ್ತವ್ವಾ.

ಇನ್ನೊಂದಿದೆ, ಇದು ಏಟಿಗಿಂತ ಕೆಟ್ಟದ್ದು. ನನ್ನ ಉದ್ದನೆಯ ಖಾತೆ ಪುಸ್ತಕ ನೀನು ನೋಡಿದ್ದೀಯ. ಪ್ರತಿ ಕಲ್ಲಿನ ಬೆನ್ನಿಗೂ ಒಂದು ಚುಕ್ಕೆ ಬಿಳಿ ಬಣ್ಣ, ಅದರ ಮೇಲೆ ಕಪ್ಪು ಶಾಯಿಯಲ್ಲಿ ನಂಬರು. ಆ ನಂಬರಿನ ಮುಂದೆ ಪುಸ್ತಕದಲ್ಲಿ ಊರು, ಯಾರ ಬಾವಿ, ಎಷ್ಟು ಅಡಿ, ಯಾವ ತಿಂಗಳು. ಒಳ್ಳೆಯ ಕಲ್ಲಾದರೂ ಊರಿನ ಹೆಸರು ಹೋದರೆ ಅದರ ಅರ್ಧ ಬೆಲೆ ಹೋಯಿತು ಅಂತ ಎಲ್ಲರಿಗೂ ಉಪದೇಶ ಮಾಡುವವನು ನಾನು. ಅಂಥ ಪುಸ್ತಕದಲ್ಲಿ 31ನೇ ನಂಬರಿನ ಮುಂದೆ ಬರೆದಿದ್ದೆ: 'ಮಗಳು ಮುಟ್ಟಿ ಒಡೆದಳು.' ಮೇಷ್ಟ್ರು ಹೋದ ರಾತ್ರಿ ಅದಕ್ಕೆ ಅಡ್ಡಗೆರೆ ಎಳೆದು ಕೆಳಗೆ ಬರೆದೆ: 'ಒಣಗಿ ತಾನೇ ಪುಡಿಯಾಯಿತು. ಮಗಳು ಮುಟ್ಟಿರಲಿಲ್ಲ.' ಆ ಪುಟದ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಮೊದಲ ಸಾಲು ಪೂರ್ತಿ ಹೊಡೆದುಹಾಕಿಲ್ಲ, ಓದಲು ಬರುತ್ತದೆ. ನಾನು ಬರೆದದ್ದು ನಿನಗೆ ಕಾಣಲಿ ಅಂತಲೇ ಬಿಟ್ಟೆ.

ಇನ್ನು ನಿನ್ನ ಕಲ್ಲಿನ ವಿಷಯ. ಬುಡ ಸ್ವಚ್ಛ ಇದ್ದರೆ ತಗೋ. ಎಂಟುನೂರು ಜಾಸ್ತಿ ಅಲ್ಲ, ಆದರೂ ಆರುನೂರಕ್ಕೆ ಕೇಳು. ಎಲ್ಲಿಂದ ತಂದದ್ದು ಅಂತ ಕೇಳು, ಅವನು ಹೇಳಿದ್ದನ್ನು ಅಲ್ಲೇ ಬರೆದುಕೋ, ರೂಮಿಗೆ ಹೋಗಿ ಬರೆದರಾಯಿತು ಅನ್ನಬೇಡ. ಪಕ್ಕದಲ್ಲಿ ಗುಲಾಬಿ, ನೇರಳೆ ಬಣ್ಣದ ಹತ್ತಿ ಉಂಡೆಯಂಥ ಕಲ್ಲು ಇಟ್ಟಿದ್ದರೆ ಮರುಳಾಗಬೇಡ. ಅದು ಓಕೆನೈಟ್, ಹುಟ್ಟಾ ಬಿಳಿ. ಬಣ್ಣ ಅದ್ದಿ ಮಾರುತ್ತಾರೆ. ಹೊಲಸು ಹೋಗಲಿ ಅಂತ ಬಚ್ಚಲು ತೊಳೆಯುವ ಆಸಿಡ್ ಮುಟ್ಟಿಸಬೇಡ. ನಾನೊಮ್ಮೆ ಕ್ಯಾಲ್ಸೈಟ್ ಮೇಲೆ ಸುರಿದು, ಬುಸ್ ಅಂತ ನೊರೆ ಬಂದದ್ದನ್ನು ನೋಡುತ್ತ ನಿಂತೇ ಅರ್ಧ ಹರಳು ಕಳೆದುಕೊಂಡೆ. ಬಿಸಿಲಿಗೂ ಇಡಬೇಡ.

ಊರಿಗೆ ತರುವಾಗ ಹತ್ತಿಯಲ್ಲಿ ಸುತ್ತಬೇಡ. ಹತ್ತಿಯ ಎಳೆ ಸೂಜಿಗಳಿಗೆ ಸಿಕ್ಕಿಕೊಂಡರೆ ಬಿಡಿಸುವಾಗ ಸೂಜಿಯೂ ಬರುತ್ತದೆ. ಸಣ್ಣ ಡಬ್ಬಿಯ ತಳಕ್ಕೆ ಕಲ್ಲಿನ ಬುಡ ಅಲುಗದ ಹಾಗೆ ಕೂರಿಸು. ಬದಿಗೆ ಟಿಶ್ಯೂ ಕಾಗದ ತುರುಕು, ಮೇಲೆ ಏನೂ ತಾಗಬಾರದು. ರೈಲಿನಲ್ಲಿ ಮೇಲಿನ ಹಲಗೆಗೆ ಹಾಕದೆ ತೊಡೆಯ ಮೇಲೆ ಇಟ್ಟುಕೋ. ಅಕ್ಕಲಕೋಟ ರೋಡ್ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಯಾವ ಗಾಡಿ ಅಂತ ಮಾತ್ರ ಹಿಂದಿನ ದಿನ ತಿಳಿಸು. ನಿಮ್ಮವ್ವ ಶೇಂಗಾ ಚಟ್ನಿ ಕುಟ್ಟಿ ಇಟ್ಟಿದ್ದಾಳೆ, ಹೋಗುವಾಗ ಅದೇ ಡಬ್ಬಿಯಲ್ಲಿ ತುಂಬಿಕೊಂಡು ಹೋಗಬಹುದು.

ನಿನ್ನ,
ಅಪ್ಪ